ಕಣ್ಣು ನೋಡಿದರೆ ಕಣ್ಣುಬೇನೆ ಬರುತ್ತದೆಯೇ? ಶಾಲೆಯಲ್ಲಿ ಸೋಂಕು ನಿಜವಾಗಿ ಹರಡುವುದು ಹೀಗೆ

ಶಾಲೆ ಶುರುವಾಗಿ ಮಳೆ ಹಿಡಿಯುತ್ತಿದ್ದಂತೆ ಪೋಷಕರ ವಾಟ್ಸಾಪ್ ಗುಂಪುಗಳಿಗೆ ಕೆಲವು ಸಂದೇಶಗಳು ತಪ್ಪದೆ ಬರುತ್ತವೆ. ಕಣ್ಣುಬೇನೆ ಇರುವ ಮಗುವಿನ ಕಣ್ಣನ್ನು ನೋಡಬೇಡಿ. ಕರ್ಪೂರ, ಲವಂಗ, ಓಮದ ಸಣ್ಣ ಗಂಟನ್ನು ಮಗುವಿನ ಕೊರಳಿಗೆ ಕಟ್ಟಿ ಕಳುಹಿಸಿ, ವೈರಸ್ ಹತ್ತಿರ ಸುಳಿಯುವುದಿಲ್ಲ. ಬ್ಯಾಗಿನಲ್ಲಿ ಸ್ಯಾನಿಟೈಸರ್ ಇದ್ದರೆ ಚಿಂತೆ ಬೇಡ. ಕೊನೆಯಲ್ಲಿ ‘ಎಲ್ಲ ಗುಂಪುಗಳಿಗೂ ಕಳುಹಿಸಿ’ ಎಂಬ ಮನವಿ.

ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

ಹೇಳಿಕೆ 1: ಕಣ್ಣು ನೋಡಿದರೆ ಕಣ್ಣುಬೇನೆ ಬರುತ್ತದೆ

ಸುಳ್ಳು. ನಾವು ‘ಮದ್ರಾಸ್ ಐ’ ಎಂದು ಕರೆಯುವ ಕಣ್ಣುಬೇನೆಗೆ ಬಹುಪಾಲು ಸಲ ಅಡೆನೊವೈರಸ್ ಎಂಬ ವೈರಾಣು ಕಾರಣ. ಅದು ನೋಟದಿಂದ ಹಾರಿ ಬರುವುದಿಲ್ಲ, ಕೈಯಿಂದ ಬರುತ್ತದೆ. ಸೋಂಕಾದ ಮಗು ತುರಿಸುವ ಕಣ್ಣನ್ನು ಉಜ್ಜುತ್ತದೆ, ಅದೇ ಕೈಯಲ್ಲಿ ಪಕ್ಕದವರ ಪೆನ್ಸಿಲ್ ತೆಗೆದುಕೊಳ್ಳುತ್ತದೆ. ಪೆನ್ಸಿಲ್ ವಾಪಸ್ ಪಡೆದ ಮಗು ಸ್ವಲ್ಪ ಹೊತ್ತಿನಲ್ಲಿ ತನ್ನ ಕಣ್ಣು ಮುಟ್ಟಿಕೊಳ್ಳುತ್ತದೆ. ಒಂದೇ ಟವೆಲ್, ಕರವಸ್ತ್ರ, ಕಾಡಿಗೆ ಡಬ್ಬಿ ಬಳಸಿದರೂ ಹೀಗೆಯೇ.

ಹಾಗಾದರೆ ಕಪ್ಪು ಕನ್ನಡಕ? ಅದು ಬೆಳಕು ಚುಚ್ಚದಂತೆ ತಡೆದು ರೋಗಿಗೆ ಹಿತ ನೀಡುತ್ತದೆ. ಪಕ್ಕದಲ್ಲಿ ಕೂತವರನ್ನು ಕಾಪಾಡುವುದಿಲ್ಲ. ಕನ್ನಡಕ ಹಾಕಿಸಿ ತರಗತಿಗೆ ಕಳುಹಿಸಿದರೆ ಕಣ್ಣು ಮರೆಯಾಗುತ್ತದೆ, ಕೈ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹೇಳಿಕೆ 2: ಕರ್ಪೂರದ ಗಂಟು ವೈರಸ್ ತಡೆಯುತ್ತದೆ

ಸುಳ್ಳು, ಜೊತೆಗೆ ಅಪಾಯಕಾರಿ. ಕರ್ಪೂರದ ವಾಸನೆ ಮೂಗು ಬಿಟ್ಟಂತೆ ಭಾಸವಾಗಿಸುತ್ತದೆ ಅಷ್ಟೆ. ಗಾಳಿಯಲ್ಲಿರುವ ವೈರಾಣುವನ್ನು ಅದು ಕೊಲ್ಲುವುದಿಲ್ಲ. ಆದರೆ ಸಣ್ಣ ಮಕ್ಕಳು ಕೊರಳಲ್ಲಿರುವುದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಕರ್ಪೂರ ಹೊಟ್ಟೆಗೆ ಹೋದರೆ, ಪ್ರಮಾಣ ಸಣ್ಣದಾದರೂ, ಮಕ್ಕಳಿಗೆ ಫಿಟ್ಸ್ ಬರಬಹುದು.

ಹೇಳಿಕೆ 3: ಸ್ಯಾನಿಟೈಸರ್ ಇದ್ದರೆ ಸಾಕು

ಅರ್ಧ ಸತ್ಯ. ಫ್ಲೂ, ಕೊರೋನಾದಂತಹ ವೈರಾಣುಗಳ ಮೇಲೆ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮಣ್ಣು, ಜಿಡ್ಡು ಮೆತ್ತಿದ ಕೈಯಲ್ಲಿ ಅದರ ಆಟ ನಡೆಯುವುದಿಲ್ಲ. ಶಾಲೆಗಳಲ್ಲಿ ವಾಂತಿಭೇದಿ ಹರಡಿಸುವ ನೊರೋವೈರಸ್ ಮೇಲೂ ಅದರ ಪರಿಣಾಮ ಕಡಿಮೆ. ಅಲ್ಲಿ ಬೇಕಾದದ್ದು ಸೋಪು ಮತ್ತು ಹರಿಯುವ ನೀರು. ಬೆರಳ ಸಂದು, ಉಗುರಿನ ಕೆಳಗೆ, ಹೆಬ್ಬೆರಳು ಸೇರಿಸಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಬಿಸಿಯೂಟಕ್ಕೆ ಕೂರುವ ಮುಂಚೆ, ಶೌಚಾಲಯದಿಂದ ಬಂದ ಮೇಲೆ ಇದು ತಪ್ಪಬಾರದು.

ಹೇಳಿಕೆ 4: ಎಂಜಲು ಮಾಡದಿದ್ದರೆ ಯಾವ ರೋಗವೂ ಬರುವುದಿಲ್ಲ

ಇದೂ ಅರ್ಧ ಸತ್ಯ. ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ಕಚ್ಚಿದ ತಿಂಡಿ ಹಂಚಿಕೊಳ್ಳದಿರುವುದು ಒಳ್ಳೆಯ ರೂಢಿ. ಎಂಜಲಿನ ಮೂಲಕ ಹರಡುವ ಮಂಗನಬಾವಿನಂತಹ ರೋಗಗಳಿಗೆ ಇದು ಸ್ವಲ್ಪ ತಡೆ ಒಡ್ಡುತ್ತದೆ. ಆದರೆ ಗಾಳಿಯಲ್ಲಿ ಹರಡುವ ರೋಗಕ್ಕೆ ಎಂಜಲು ಬೇಕಾಗಿಯೇ ಇಲ್ಲ.

ದಡಾರವನ್ನೇ ನೋಡಿ. ದಡಾರ ಇರುವ ಮಗು ಕೋಣೆಯಿಂದ ಎದ್ದು ಹೋದ ಮೇಲೂ ವೈರಾಣು ಅಲ್ಲಿನ ಗಾಳಿಯಲ್ಲಿ 2 ಗಂಟೆಯವರೆಗೆ ಉಳಿಯಬಲ್ಲದು. ರೋಗನಿರೋಧಕ ಶಕ್ತಿ ಇಲ್ಲದ 10 ಜನ ಹತ್ತಿರವಿದ್ದರೆ ಸುಮಾರು 9 ಮಂದಿಗೆ ಅಂಟುತ್ತದೆ. ಅದೂ ಮೈಮೇಲೆ ಗುಳ್ಳೆ ಕಾಣಿಸುವ 4 ದಿನ ಮುಂಚಿನಿಂದಲೇ, ಅಂದರೆ ಬರೀ ಜ್ವರ, ನೆಗಡಿ ಎಂದು ನಾವು ಅಂದುಕೊಂಡಿರುವ ದಿನಗಳಲ್ಲೇ, ಹರಡಲು ಶುರುವಾಗಿರುತ್ತದೆ.

ಇದಕ್ಕೆ ಗಟ್ಟಿಯಾದ ತಡೆ ಲಸಿಕೆ ಒಂದೇ. ದಡಾರ-ರುಬೆಲ್ಲಾ ಲಸಿಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ: 9ರಿಂದ 12 ತಿಂಗಳಲ್ಲಿ ಮೊದಲ ಡೋಸ್, 16ರಿಂದ 24 ತಿಂಗಳಲ್ಲಿ ಎರಡನೆಯದು. ಗಂಟಲಮಾರಿ ಮತ್ತು ಧನುರ್ವಾಯು ತಡೆಯುವ ಟಿಡಿ ಲಸಿಕೆಯನ್ನು 10 ಮತ್ತು 16ನೇ ವಯಸ್ಸಿನಲ್ಲಿ ಕೊಡುತ್ತಾರೆ. ಚಿಕ್ಕಂದಿನಲ್ಲಿ ಎಲ್ಲ ಹಾಕಿಸಿದ್ದೇವೆ ಎಂದು ಅನೇಕರು ಇದನ್ನು ಮರೆಯುತ್ತಾರೆ. ತಾಯಿ ಕಾರ್ಡ್ ಹುಡುಕಿ ಒಮ್ಮೆ ನೋಡಿ. ತಪ್ಪಿಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಫಾರ್ವರ್ಡ್ ಸಂದೇಶಗಳಿಂದ ಆಗುವ ನಷ್ಟ ಎಷ್ಟು ನಿಜ ಎಂಬುದನ್ನು ಕರ್ನಾಟಕ ಕಂಡಿದೆ. 2017ರ ಫೆಬ್ರುವರಿಯಲ್ಲಿ ಇಲ್ಲಿನ ಶಾಲೆಗಳಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ, ಹೆದರಿಸುವ ವಾಟ್ಸಾಪ್ ಸಂದೇಶಗಳನ್ನು ನಂಬಿ ಹಿಂಜರಿದ ಪೋಷಕರಿದ್ದರು.

ಹಾಗಾದರೆ ಮಗುವನ್ನು ಎಷ್ಟು ದಿನ ಮನೆಯಲ್ಲಿ ಇರಿಸಿಕೊಳ್ಳಬೇಕು?

ನಿಜಕ್ಕೂ ಉಪಯೋಗಕ್ಕೆ ಬರುವ ಈ ಮಾಹಿತಿ ಫಾರ್ವರ್ಡ್‌ಗಳಲ್ಲಿ ಕಾಣುವುದೇ ಇಲ್ಲ. ವೈದ್ಯರು ಬೇರೆ ಹೇಳದಿದ್ದರೆ, ಸಾಮಾನ್ಯ ನಿಯಮ ಹೀಗಿದೆ:

• ಜ್ವರ, ಫ್ಲೂ: ಜ್ವರದ ಔಷಧ ಕೊಡದೆಯೂ 24 ಗಂಟೆ ಜ್ವರ ಬಾರದೆ ಇರುವವರೆಗೆ.
• ವಾಂತಿ, ಭೇದಿ: ಕೊನೆಯ ಸಲ ಆದ ಮೇಲೆ 48 ಗಂಟೆ.
• ಸೀತಾಳೆ: ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವವರೆಗೆ.
• ಮಂಗನಬಾವು: ಕೆನ್ನೆ ಊದಿದ ಮೇಲೆ 5 ದಿನ.
• ದಡಾರ: ಗುಳ್ಳೆ ಕಾಣಿಸಿದ ಮೇಲೆ 4 ದಿನ.
• ಕೈ-ಕಾಲು-ಬಾಯಿ ರೋಗ: ಜ್ವರ ಬಿಟ್ಟು, ಗುಳ್ಳೆ ಒಣಗಿ, ಮಗು ಎಂದಿನಂತೆ ತಿನ್ನುವವರೆಗೆ.
• ಕಣ್ಣುಬೇನೆ: ಕಣ್ಣಿನಲ್ಲಿ ನೀರು, ಪಿಸುರು ಸುರಿಯುವುದು ನಿಲ್ಲುವವರೆಗೆ.

‘ಔಷಧ ಕೊಡದೆಯೂ’ ಎಂಬ ಮಾತನ್ನು ಗಮನಿಸಿ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ, ಮೈ ತಣ್ಣಗಾದದ್ದು ನೋಡಿ ಶಾಲೆಗೆ ಕಳುಹಿಸಿದರೆ ಜ್ವರದ ಅಂಕಿ ಮಾತ್ರ ಇಳಿದಿರುತ್ತದೆ. ಸೋಂಕು ಹಾಗೆಯೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಔಷಧದ ಪ್ರಭಾವ ಇಳಿದು ಮಗು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತದೆ.

ಸೀತಾಳೆಯ ಬಗ್ಗೆ ಇನ್ನೊಂದು ಮಾತು. ‘ಅಮ್ಮ ಬಂದಿದ್ದಾಳೆ’ ಎಂದು ಮಗುವನ್ನು ಬೇರೆ ಕೋಣೆಯಲ್ಲಿ ಇರಿಸುವ ರೂಢಿ ಸೋಂಕು ತಡೆಗೆ ಒಳ್ಳೆಯದೇ. ಬೇವಿನ ಸೊಪ್ಪು ಪಕ್ಕದಲ್ಲಿಡುವ ನಂಬಿಕೆಗೂ ನಮ್ಮ ಆಕ್ಷೇಪವಿಲ್ಲ. ಆದರೆ ವೈದ್ಯರಿಗೆ ತೋರಿಸಬಾರದು ಎಂಬುದು ತಪ್ಪು. ಉಗುರುಬೆಚ್ಚಗಿನ ನೀರಿನ ಸ್ನಾನದಿಂದ ತೊಂದರೆಯಿಲ್ಲ. ಆಸ್ಪಿರಿನ್ ಇರುವ ಮಾತ್ರೆಯನ್ನು ಮಾತ್ರ ಕೊಡಲೇಬೇಡಿ. ಸೀತಾಳೆ, ಫ್ಲೂ ಇರುವ ಮಕ್ಕಳಲ್ಲಿ ಅದು ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೇಯ್ ಸಿಂಡ್ರೋಮ್‌ಗೆ ದಾರಿ ಮಾಡಬಹುದು.

ಗೊತ್ತಿದ್ದೂ ಯಾಕೆ ಕಳುಹಿಸುತ್ತೇವೆ?

ಹಟದಿಂದಲ್ಲ. ತಾಯಿ ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಹೋಗುತ್ತದೆ. ನಾಳೆ ಟೆಸ್ಟ್ ಇರುತ್ತದೆ. ಒಂದು ದಿನವೂ ರಜೆ ಹಾಕದ ಮಗುವಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ ಇರುತ್ತದೆ. ಹೀಗಿರುವಾಗ ಪೋಷಕರನ್ನಷ್ಟೇ ದೂರಿದರೆ ಪ್ರಯೋಜನವಿಲ್ಲ. ಶಾಲೆಯೂ ಕೈಜೋಡಿಸಬೇಕು.

ಕಾಯಿಲೆಯ ರಜೆಗೆ ಮಗುವನ್ನು ಗದರಿಸಬಾರದು, ತಪ್ಪಿದ ಟೆಸ್ಟನ್ನು ಮತ್ತೆ ಬರೆಸಬೇಕು, ಪೂರ್ಣ ಹಾಜರಾತಿಯ ಬಹುಮಾನವನ್ನು ಕೈಬಿಡಬೇಕು. ಮಳೆ ಬಂತೆಂದು ಎಲ್ಲ ಕಿಟಕಿ ಮುಚ್ಚದೆ ಎದುರುಬದುರಿನ ಎರಡನ್ನಾದರೂ ತೆರೆದಿಡಬೇಕು, ಆಗ ಗಾಳಿ ಹಾದುಹೋಗುತ್ತದೆ. ನಲ್ಲಿಯ ಹತ್ತಿರ ಸೋಪು ಮಾಯವಾಗುತ್ತದೆ ಎಂಬ ದೂರಿದ್ದರೆ ಬಲೆಚೀಲದಲ್ಲಿ ಹಾಕಿ ಕಟ್ಟಿಬಿಡಬಹುದು.

ಒಂದು ತರಗತಿಯಲ್ಲಿ ಸೀತಾಳೆಯೋ ಮಂಗನಬಾವೋ ಕಾಣಿಸಿದರೆ ರೋಗದ ಹೆಸರನ್ನು ಉಳಿದ ಪೋಷಕರಿಗೆ ತಿಳಿಸಬೇಕು, ಮಗುವಿನ ಹೆಸರನ್ನಲ್ಲ. ಗುಂಪಿನಲ್ಲಿ ಒಂದು ಮಗುವಿನ ಹೆಸರು ಹರಿದಾಡಿದರೆ ಮುಂದಿನ ಸಲ ಯಾವ ಮನೆಯವರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ. ಮುಚ್ಚಿಟ್ಟ ಕಾಯಿಲೆಯೇ ಹೆಚ್ಚು ಹರಡುತ್ತದೆ. ತರಗತಿಯಲ್ಲಿ ಗರ್ಭಿಣಿ ಶಿಕ್ಷಕಿಯಿದ್ದರೆ ಅಥವಾ ಯಾವುದೋ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದ ಮಗುವಿದ್ದರೆ, ಈ ಒಂದು ಸೂಚನೆ ಅವರನ್ನು ದೊಡ್ಡ ಅಪಾಯದಿಂದ ಪಾರುಮಾಡಬಹುದು.

ಯಾವಾಗ ಕಾಯಬಾರದು?

ಉಸಿರಾಟದ ತೊಂದರೆ, ಎಬ್ಬಿಸಿದರೂ ಮಂಪರು, ಕುತ್ತಿಗೆ ಸೆಟೆದುಕೊಳ್ಳುವುದು, ಫಿಟ್ಸ್, ಗಂಟಲಿನಲ್ಲಿ ಬೂದುಬಿಳಿ ಪೊರೆ, ಬಹಳ ಹೊತ್ತು ಮೂತ್ರ ಹೋಗದಿರುವುದು, ಕಣ್ಣಿನಲ್ಲಿ ತೀವ್ರ ನೋವು ಅಥವಾ ದೃಷ್ಟಿ ಮಂಜಾಗುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಗುಂಪಿಗೆ ಕಳುಹಿಸಬಹುದಾದ ಸಾರ

ಕಣ್ಣುಬೇನೆ ನೋಟದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಕರ್ಪೂರದ ಗಂಟು ಬೇಡ. ಊಟಕ್ಕೆ ಮುಂಚೆ, ಶೌಚದ ನಂತರ ಸೋಪಿನಲ್ಲಿ ಕೈತೊಳೆಸಿ. ತರಗತಿಯ ಕಿಟಕಿ ತೆರೆದಿರಲಿ. ಲಸಿಕೆ ಕಾರ್ಡ್ ನೋಡಿ. ಜ್ವರ ಬಂದ ಮಗು, ಔಷಧವಿಲ್ಲದೆ 24 ಗಂಟೆ ಜ್ವರ ಬಾರದೆ ಇರುವವರೆಗೆ ಮನೆಯಲ್ಲಿರಲಿ. ನಿಮ್ಮ ಮಗುವಿನ ಎರಡು ದಿನದ ರಜೆ ಪಕ್ಕದ ಬೆಂಚಿನ ಮಗುವನ್ನೂ, ಅದರ ಮನೆಯಲ್ಲಿರುವ ಅಜ್ಜಿಯನ್ನೂ ಕಾಯುತ್ತದೆ.