ಮಕ್ಕಳ ತಲೆನೋವು: ನೆಪವಲ್ಲ, ನಿಜವಾದ ನೋವು

ಶಾಲೆಗೆ ಹೊರಡುವ ವೇಳೆಗೆ ಮಗು ತಲೆನೋವೆಂದರೆ ಹಿರಿಯರು ಅದನ್ನು ನೆಪವೆಂದೇ ಭಾವಿಸುವುದುಂಟು. ಸಂಜೆ ಅದೇ ಮಗು ಆಡುವುದನ್ನು ಕಂಡರಂತೂ ಆ ಭಾವನೆ ದೃಢವಾಗುತ್ತದೆ. ಆದರೆ ಮಕ್ಕಳಲ್ಲಿ ಬಹು ಸಾಮಾನ್ಯವಾದ ಒತ್ತಡದ ತಲೆನೋವಿನ ಸ್ವಭಾವವೇ ಅಂಥದು. ನಡೆದಾಡಿದರೆ, ಮೆಟ್ಟಿಲೇರಿದರೆ ಅದು ಉಲ್ಬಣಿಸುವುದಿಲ್ಲ. ಆದ್ದರಿಂದ ಮಗು ನೋವಿದ್ದಾಗಲೂ ಆಡಬಲ್ಲದು.

ಈ ನೋವು ಸಾಮಾನ್ಯವಾಗಿ ತಲೆಯ ಎರಡೂ ಬದಿಗೆ, ಬಿಗಿಯಾದ ಪಟ್ಟಿ ಕಟ್ಟಿದಂತೆ ಇರುತ್ತದೆ. 30 ನಿಮಿಷದಿಂದ 7 ದಿನಗಳವರೆಗೂ ಇರಬಹುದು. ಮೈಗ್ರೇನ್‌ನಲ್ಲಿ ಕಾಣುವಂತೆ ಮಿಡಿಯುವ ನೋವು, ವಾಂತಿ ಇಲ್ಲಿರುವುದಿಲ್ಲ. ತಿಂಗಳಿಗೆ 15 ಅಥವಾ ಹೆಚ್ಚು ದಿನಗಳಂತೆ ಮೂರು ತಿಂಗಳಿಗೂ ಮೀರಿ ಮುಂದುವರಿದರೆ ಅದನ್ನು ದೀರ್ಘಕಾಲಿಕವೆನ್ನುತ್ತಾರೆ.

ಇಂಥ ಮಕ್ಕಳ ನೋವಿನ ಸಂವೇದನೆಯನ್ನು ಪರೀಕ್ಷಿಸಿ ನೋಡಬಹುದು. ವೈದ್ಯರು ಹಣೆಯ ಇಕ್ಕೆಲ, ದವಡೆ, ಕತ್ತು ಹಾಗೂ ಹೆಗಲಿನ ಸ್ನಾಯುಗಳನ್ನು ಬೆರಳಿನಿಂದ ಒತ್ತಿ, ಎಲ್ಲಿ ಎಷ್ಟು ನೋಯುತ್ತದೆಂದು ಗುರುತಿಸುತ್ತಾರೆ. ಒತ್ತುವ ಬಲವನ್ನು ಅಳೆಯುವ ಉಪಕರಣವೂ ಇದೆ. ಡೆನ್ಮಾರ್ಕಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ತಲೆನೋವುಳ್ಳ ಮಕ್ಕಳ ಸ್ನಾಯುಗಳು ಆರೋಗ್ಯವಂತ ಮಕ್ಕಳ ಸ್ನಾಯುಗಳಿಗಿಂತ ಹೆಚ್ಚು ನೋಯುವುದು ಕಂಡುಬಂದಿತು.

ಇದಕ್ಕೆ ಕಾರಣವೇನು? ಸ್ನಾಯುಗಳಿಂದ ನೋವಿನ ಸಂದೇಶ ಪದೇಪದೇ ಬರುತ್ತಿದ್ದರೆ, ಅದನ್ನು ಗ್ರಹಿಸುವ ಮಿದುಳು ಮತ್ತು ಬೆನ್ನುಹುರಿಯ ನರಕೋಶಗಳು ಅತಿಯಾಗಿ ಸೂಕ್ಷ್ಮವಾಗುತ್ತವೆಂದು ತಜ್ಞರು ವಿವರಿಸುತ್ತಾರೆ. ಆಗ ಇತರರಿಗೆ ಕೇವಲ ಸ್ಪರ್ಶವೆನಿಸುವುದು ಆ ಮಗುವಿಗೆ ನೋವಾಗಿ ತೋರುತ್ತದೆ. ನಿದ್ರೆಗೇಡು, ಭಯ, ಚಿಂತೆಗಳು ಈ ಸೂಕ್ಷ್ಮತೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಆದಕಾರಣ ಗದರಿಕೆಯಿಂದ ನೋವು ಶಮನವಾಗದು. ಮಗು ಹೇಳಿಕೊಳ್ಳುವುದನ್ನು ಬಿಡಬಹುದು, ಅಷ್ಟೆ.

ಹಾಗೆಂದು ನೋವೆಂದಾಗಲೆಲ್ಲ ಮಾತ್ರೆ ಕೊಡುವುದೂ ತರವಲ್ಲ. ಸಾಮಾನ್ಯ ನೋವುನಿವಾರಕಗಳನ್ನೂ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ, ತಿಂಗಳುಗಟ್ಟಲೆ ಸೇವಿಸಿದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ. ಪ್ಯಾರಾಸಿಟಮಾಲ್‌ನ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತಿರಬೇಕು. ವೈದ್ಯರು ಸೂಚಿಸದ ಹೊರತು 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಲೇಕೂಡದು.

ಪಾಲಕರು ಮೊದಲು ಮಾಡಬೇಕಾದುದು ಒಂದು ಪುಸ್ತಕದಲ್ಲಿ ದಿನವಹಿ ಬರೆದಿಡುವುದು: ನೋವು ಯಾವಾಗ ಬಂದಿತು, ಎಷ್ಟು ಹೊತ್ತು ಇತ್ತು, ಹಿಂದಿನ ರಾತ್ರಿ ನಿದ್ರೆ ಎಷ್ಟು, ಊಟ ತಪ್ಪಿತ್ತೇ, ಪರೀಕ್ಷೆ ಸಮೀಪವಿತ್ತೇ ಎಂದು. ಕಾರಣಗಳು ಅದರಿಂದಲೇ ಗೋಚರಿಸುತ್ತವೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಅವಶ್ಯ. ಬೆಳಗಿನ ಉಪಾಹಾರ ತಪ್ಪಬಾರದು, ನೀರು ಸಾಕಷ್ಟು ಕುಡಿಯಬೇಕು, ಮೊಬೈಲಿಗೆ ಮಿತಿಯಿರಬೇಕು. ದಿನವೂ ಬಯಲಿನ ಆಟ, ನಿಧಾನವಾದ ದೀರ್ಘ ಉಸಿರಾಟ ಮತ್ತು ಸ್ನಾಯುಗಳನ್ನು ಸಡಿಲಗೊಳಿಸುವ ಅಭ್ಯಾಸ ಹಿತಕರ. ಶಾಲೆಯಲ್ಲಿ ಯಾರದಾದರೂ ಭಯವಿದೆಯೇ ಎಂದು ಮಗುವನ್ನು ಏಕಾಂತದಲ್ಲಿ, ಶಾಂತವಾಗಿ ಕೇಳಬೇಕು.

ಕೆಲವು ಲಕ್ಷಣಗಳಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನಿದ್ರೆಯಿಂದ ಎಬ್ಬಿಸುವ ನೋವು, ಮುಂಜಾನೆಯ ವಾಂತಿ, ದೃಷ್ಟಿ ಮಸುಕು, ತಡವರಿಸುವ ನಡಿಗೆ, ಜ್ವರದೊಡನೆ ಕತ್ತು ಸೆಟೆಯುವುದು, ತಲೆಗೆ ಪೆಟ್ಟು ಬಿದ್ದನಂತರದ ನೋವು, ಒಮ್ಮೆಲೇ ಬಂದ ತೀವ್ರ ನೋವು ಇವು ಅಪಾಯಸೂಚಕ.

ಉಳಿದಂತೆ, ಮಗುವಿನ ಮಾತನ್ನು ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ತನ್ನ ನೋವನ್ನು ಮನೆಯವರು ಅರಿತಿದ್ದಾರೆಂಬ ಧೈರ್ಯವಿದ್ದರೆ ಮಗು ಭಯವಿಲ್ಲದೆ ಶಾಲೆಗೂ ಹೋದೀತು, ಆಟಕ್ಕೂ ಹೋದೀತು.