ಎಂಬತ್ತೆರಡು ಕೋಟಿ ಕಂಪನಗಳನ್ನು ಎಣಿಸುವುದು ಹೇಗೆ?

1983ರ ಅಕ್ಟೋಬರ್ 13ರಂದು ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲರ್ ಸೇವೆ ನಮ್ಮ ಶಿಕಾಗೊದಲ್ಲಿ ಆರಂಭವಾಯಿತು. ಆ ವ್ಯವಸ್ಥೆಯಲ್ಲಿದ್ದ ಚಾನೆಲ್‌ಗಳು 666; ಒಂದರಿಂದ ಇನ್ನೊಂದಕ್ಕೆ ಅಂತರ ಬರೀ 30 ಕಿಲೋಹರ್ಟ್ಸ್. ಮೊದಲ ಚಾನೆಲ್‌ನಲ್ಲಿ ಫೋನು ಹೊರಡಿಸಬೇಕಾದ ಅಲೆ 825.03 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಎಂಬತ್ತೆರಡು ಕೋಟಿಗೂ ಮಿಕ್ಕಿದ ಕಂಪನ. ಅದು ಸ್ವಲ್ಪ ಸರಿದರೆ ಪಕ್ಕದ ಚಾನೆಲ್‌ನವರ ಮಾತಿಗೆ ಅಡ್ಡಿ.

ಇಷ್ಟು ವೇಗದ ಅಲೆಯನ್ನು ಹುಟ್ಟಿಸುವ ಸರ್ಕಿಟ್ ಚಂಚಲ. ಕ್ವಾರ್ಟ್ಸ್ ಹರಳು ಸ್ಥಿರ, ಆದರೆ ನಿಧಾನ. ಆದ್ದರಿಂದ ವೇಗದ ಅಲೆಯನ್ನು 27,501ರಿಂದ ಭಾಗಿಸಿ 30 ಕಿಲೋಹರ್ಟ್ಸಿಗೆ ಇಳಿಸುತ್ತಾರೆ. ಅದನ್ನು ಹರಳಿನಿಂದ ಪಡೆದ 30 ಕಿಲೋಹರ್ಟ್ಸಿನೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡಷ್ಟೂ ತಿದ್ದುತ್ತಾರೆ.

ಭಾಗಿಸುವುದು ಹೇಗೆ? ಬಟನ್ ಪೆನ್ನು ನೆನಪಿಸಿಕೊಳ್ಳಿ. ಒಮ್ಮೆ ಒತ್ತಿದರೆ ಮೊನೆ ಹೊರಗೆ, ಮತ್ತೊಮ್ಮೆ ಒತ್ತಿದರೆ ಒಳಗೆ. ಎರಡು ಒತ್ತಿಗೆ ಮೊನೆಯ ಒಂದು ಸುತ್ತು ಪೂರ್ತಿ. ಫ್ಲಿಪ್-ಫ್ಲಾಪ್ ಎಂಬ ಸರ್ಕಿಟ್ ಮಾಡುವುದೂ ಇದನ್ನೇ. ಏಳನ್ನು ಸಾಲಾಗಿ ಜೋಡಿಸಿದರೆ 128ರಿಂದ ಭಾಗಿಸಿದಂತಾಯಿತು.

ತೊಡಕಿರುವುದು ಮೊದಲ ಮೆಟ್ಟಿಲಲ್ಲಿ. ಪೂರ್ತಿ ವೇಗ ಅದರ ಮೇಲೆಯೇ ಬೀಳುತ್ತದೆ. ಟ್ರಾನ್ಸಿಸ್ಟರನ್ನು ಪೂರ್ತಿ ‘ಆನ್’ ಮಾಡಿದರೆ ಅದರೊಳಗೆ ವಿದ್ಯುದಾವೇಶ ತುಂಬಿಕೊಳ್ಳುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಕಿಕ್ಕಿರಿದ ಸಭಾಂಗಣ ಖಾಲಿಯಾಗಲು ಹೊತ್ತು ಹಿಡಿಯುವಂತೆ ಆ ಆವೇಶ ಹೊರಹೋಗಲೂ ಹೊತ್ತು ಬೇಕು. ಇದಕ್ಕೆ ಪರಿಹಾರ ಇಸಿಎಲ್ ವಿನ್ಯಾಸ. ಎರಡು ಟ್ರಾನ್ಸಿಸ್ಟರುಗಳ ಎಮಿಟರುಗಳನ್ನು ಜೋಡಿಸಿ, ಇಬ್ಬರಿಗೂ ಸೇರಿ ಒಂದೇ ನಿಶ್ಚಿತ ಕರೆಂಟು ಕೊಡುತ್ತಾರೆ. ಒಳಬರುವ ಅಲೆ ಆ ಕರೆಂಟನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ, ಅಷ್ಟೆ. ಯಾವುದೂ ತುಂಬಿ ತುಳುಕುವುದಿಲ್ಲ. ಶಾಂಬರ್ಗ್‌ನ ಮೂಲಕ ನಮಗೆಲ್ಲ ಪರಿಚಿತವಾದ ಮೊಟೊರೋಲಾ 1962ರಲ್ಲೇ ಈ ಬಗೆಯ ಚಿಪ್‌ಗಳನ್ನು ಮಾರುಕಟ್ಟೆಗೆ ತಂದಿತ್ತು. ಕೆಲಸವಿರಲಿ ಬಿಡಲಿ, ಕರೆಂಟು ಹರಿಯುತ್ತಲೇ ಇರಬೇಕಾದದ್ದು ಈ ವೇಗಕ್ಕೆ ತೆರುವ ಬೆಲೆ. ಬ್ಯಾಟರಿಯ ಫೋನಿಗೆ ಅದು ಸಣ್ಣ ಬೆಲೆಯಲ್ಲ. ಹಾಗಾಗಿ ವೇಗದ ಟ್ರಾನ್ಸಿಸ್ಟರುಗಳನ್ನು ಮೊದಲ ಮೆಟ್ಟಿಲುಗಳಿಗಷ್ಟೇ ಬಳಸಿ, ಮುಂದಿನ ಎಣಿಕೆಯನ್ನು ಮಿತವ್ಯಯದ ಸರ್ಕಿಟ್‌ಗಳಿಗೆ ಬಿಡುತ್ತಾರೆ.

ಆದರೆ 27,501 ಎಂಬುದು 128ರ ಮಗ್ಗಿಯಲ್ಲಿ ಬರುವುದಿಲ್ಲವಲ್ಲ! ಇಲ್ಲಿದೆ ನನಗೆ ಬಹಳ ಇಷ್ಟವಾದ ಉಪಾಯ. ಬೇಕೆಂದಾಗ ಒಂದು ಅಲೆಯನ್ನು ಹೆಚ್ಚಿಗೆ ನುಂಗಿ 129ರಿಂದ ಭಾಗಿಸುವಂತೆ ಸರ್ಕಿಟ್ ಮಾಡುತ್ತಾರೆ. 109 ಸಲ 129, 105 ಸಲ 128: ಕೂಡಿಸಿ ನೋಡಿ, ಸರಿಯಾಗಿ 27,501. ಮುಂದಿನ ಚಾನೆಲ್ ಬೇಕೇ? 110 ಸಲ 129, 104 ಸಲ 128.

ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವ ನಮ್ಮ ಸದಸ್ಯರಿಗೆ ಇದೇ ಲೆಕ್ಕ ಇಂದು 77 ಗಿಗಾಹರ್ಟ್ಸಿನ ರೇಡಾರಿನಲ್ಲಿ ಎದುರಾಗುತ್ತದೆ. ಅಲ್ಲಿ ಮೊದಲ ಮೆಟ್ಟಿಲಿಗೆ ಸಿಲಿಕಾನ್-ಜರ್ಮೇನಿಯಂ ಟ್ರಾನ್ಸಿಸ್ಟರುಗಳುಂಟು. ಕೆಲವು ಚಿಪ್‌ಗಳಲ್ಲಿ ಅರ್ಧ ಆವರ್ತನದ ಅಲೆಯನ್ನು ಹುಟ್ಟಿಸಿ ಆಮೇಲೆ ಇಮ್ಮಡಿಗೊಳಿಸುವುದೂ ಇದೆ. ರೇಡಾರ್ ಸುಮ್ಮನೆ ಒಂದು ಆವರ್ತನದಲ್ಲಿ ನಿಲ್ಲುವುದಿಲ್ಲ. ಆವರ್ತನವನ್ನು ಒಂದೇ ಸಮನೆ ಏರಿಸುತ್ತಾ, ಹೋದ ಅಲೆಗೂ ಮರಳಿದ ಅಲೆಗೂ ಇರುವ ವ್ಯತ್ಯಾಸದಿಂದ ದೂರ ಅಳೆಯುತ್ತದೆ. ಏರಿಕೆಯ ದರ ಶೇಕಡಾ 1ರಷ್ಟು ತಪ್ಪಿದರೆ, 100 ಮೀಟರ್ ಮುಂದಿರುವ ಕಾರು ಒಂದು ಮೀಟರ್ ಆಚೆಯೋ ಈಚೆಯೋ ಕಾಣುತ್ತದೆ.