ಮನೆಯ ವಾಹನಗಳಿಗೆಲ್ಲ ಒಂದೇ ವಿಮೆ

ನಮ್ಮ ಬೆಳೆಗಾರರ ಅಂಗಳದಲ್ಲಿ ಜೀಪು, ಕಾರು, ಬೈಕು ಮೂರೂ ನಿಂತಿರುವುದು ಈಗ ಅಪರೂಪವಲ್ಲ. ಇವನ್ನು ಒಂದೇ ಪಾಲಿಸಿಯಡಿ ತರಲು ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈಯಲ್ಲಿ ಕಂಪನಿಗಳಿಗೆ ಅನುಮತಿಯಿತ್ತಿತು. ಆದರೆ ವಾಹನಗಳೆಲ್ಲ ಒಬ್ಬರ ಹೆಸರಿನಲ್ಲೇ ಇರತಕ್ಕದ್ದು. ತೊಡಕು ಇರುವುದೇ ಇಲ್ಲಿ. ಗಂಗಾವತಿ ಕಡೆಯ ಹನುಮನಹಳ್ಳಿಯಾಗಲಿ, ನಮ್ಮ ಮಲೆನಾಡಾಗಲಿ, ಜೀಪು ತಂದೆಯದು, ಬೈಕು ಮಗನದು! ವಿಮೆಗೆಂದೇ ಹೆಸರು ಬದಲಾಯಿಸುವುದು ನಮಗಂತೂ ಸರಿಕಾಣದು. ಕ್ಲೇಮು ಮಾಡದ್ದಕ್ಕೆ ಮಗನಿಗೆ ಸಿಕ್ಕ, ಶೇಕಡ 50ರವರೆಗಿನ ರಿಯಾಯಿತಿ ತಂದೆಗೆ ವರ್ಗವಾಗುವುದಿಲ್ಲ. ಈ ಸೌಲಭ್ಯವೂ ಸ್ವಂತ ವಾಹನದ ನಷ್ಟಕ್ಕೆ ಮಾತ್ರ. ಕಾನೂನಿನಂತೆ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ಪ್ರತಿಯೊಂದಕ್ಕೂ ಇರಲೇಬೇಕು. ಅಡಿಕೆ ಮೂಟೆ ಸಾಗಿಸುವ ಹಳದಿ ಬೋರ್ಡಿನ ಪಿಕಪ್ ಇದರಲ್ಲಿ ಸೇರದು. ಏಜೆಂಟರನ್ನು ಕಾಣುವ ಮೊದಲು ಆರ್.ಸಿ.ಗಳಲ್ಲಿರುವ ಹೆಸರುಗಳನ್ನು ನೋಡಿಕೊಳ್ಳಿರಿ.